ಏರಿಯ ಮೇಲಿನ ಹಸಿರು ಬಾವುಟ

"ಕೆಳಗಿಡೇ ಅದನ್ನ. ದಿನಾ ಕೈಗೇ ಕೊಡಾಕೆ ಬರ್ತೀಯಲ್ಲ, ಖಬರಿಲ್ವ ಮೈಮ್ಯಾಲೆ?"

ಟೆಂಪೋದ ಡ್ರೈವರ್ ಚನ್ನೇಶ ಕಿಟಕಿಯಿಂದ ಹೊರಗೆ ಚಾಚಿದ್ದ ಕೈಯನ್ನು ಬಿಸಿ ತಾಗಿದವನಂತೆ ಒಳಗೆಳೆದುಕೊಂಡ. ಗುಡ್ಡಮ್ಮ ಹಸಿರು ಬಾವುಟವನ್ನು ಪಕ್ಕದ ಜಲ್ಲಿ ರಾಶಿಯ ಮೇಲಿಟ್ಟು ಹಿಂದೆ ಸರಿದಳು. ಅವನು ಇಳಿದು ಬಂದು, ಅವಳು ಹಿಡಿದಿದ್ದ ತುದಿಯನ್ನು ಬಿಟ್ಟು ಕೋಲಿನ ಇನ್ನೊಂದು ತುದಿ ಹಿಡಿದು ಎತ್ತಿಕೊಂಡ.

"ಅದಕ್ಕೂ ಒಂದೀಟು ನೀರು ಚಿಮುಕಿಸ್ಕಳಪ್ಪ ಚನ್ನೇಶ," ಎಂದರು ಒಳಗಿನಿಂದ ಯಾರೋ. ನಗು ಎದ್ದಿತು. ಟೆಂಪೋ ಕೆರೆ ಏರಿ ಹತ್ತಿ ಹೋಯಿತು.

ಮೊದಲ ದಿನ ಅವಳು ಯೋಚನೆಯನ್ನೇ ಮಾಡದೆ ಕೈಗೆ ಕೊಡಲು ಹೋಗಿದ್ದಳು. ಬಟ್ಟೆ ಸರ್ಕಾರದ್ದು, ಕೋಲು ಸರ್ಕಾರದ್ದು, ಅದಕ್ಕೆ ಮೈಲಿಗೆ ಇರಲಿಕ್ಕಿಲ್ಲ ಎಂದುಕೊಂಡಿದ್ದಳು. ಈಗಲೂ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಬೈಸಿಕೊಂಡ ಮೇಲೆ ತಾನಾಗಿಯೇ ಹಿಂದೆ ಬರುತ್ತಿತ್ತು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡಲಿಕ್ಕೆಂದು ಅಗೆದು ಹಾಕಿದ್ದರು. ಕೆರೆಯ ಹತ್ತಿರದ ಹಳೆ ಮೋರಿ ಒಡೆದದ್ದರಿಂದ ಅಲ್ಲಿ ರಸ್ತೆಯೇ ಇರಲಿಲ್ಲ. ಗಾಡಿಗಳೆಲ್ಲ ಕೆರೆ ಏರಿಯ ಮೇಲೆ ಹಾಯಬೇಕು. ಏರಿಯ ಮೇಲೆ ಒಂದೇ ಗಾಡಿಗೆ ಜಾಗ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರುಗದ್ದೆ. ನಡುವೆ ಏರಿ ಬಾಗಿದ್ದರಿಂದ ಈ ತುದಿಯವರಿಗೆ ಆ ತುದಿ ಕಾಣುವುದಿಲ್ಲ. ಅದಕ್ಕೇ ಎರಡು ತುದಿಗೂ ಒಂದೊಂದು ಕೆಂಪು ಬಾವುಟ ಕೊಟ್ಟು, ಎರಡಕ್ಕೂ ಸೇರಿ ಒಂದೇ ಒಂದು ಹಸಿರು ಬಾವುಟ ಇಟ್ಟಿದ್ದರು. ಹಸಿರು ಯಾವ ತುದಿಯಲ್ಲಿದೆಯೋ ಆ ತುದಿಯ ಗಾಡಿಗಳು ಹೊರಡಬೇಕು. ಸಾಲಿನ ಕೊನೆಯ ಗಾಡಿಯವನು ಅದನ್ನು ಒಯ್ದು ಆ ತುದಿಯಲ್ಲಿ ನಿಂತ ಚಿಕ್ಕಬೀರಪ್ಪನಿಗೆ ಮುಟ್ಟಿಸಬೇಕು. ಆಮೇಲೆ ಆ ಕಡೆಯವು ಬರಬೇಕು. ಒಮ್ಮೆ ಶುಂಠಿ ಲಾರಿಯೊಂದು ಹಸಿರಿಗೆ ಕಾಯದೆ ನುಗ್ಗಿ, ನಡು ಏರಿಯಲ್ಲಿ ಟ್ರ್ಯಾಕ್ಟರಿಗೆ ಎದುರಾಗಿ, ಎರಡೂ ಹಿಂದಕ್ಕೆ ಬರಲಾಗದೆ ಸಂಜೆಯವರೆಗೆ ನಿಂತಿದ್ದವು. ಅವತ್ತು ಇಂಜಿನಿಯರ್ ಸಾಹೇಬರು ಎಲ್ಲರೆದುರಿಗೆ ಹೇಳಿದ್ದರು: "ಹಸಿರು ಬಾರದೆ ನಾನೇ ಬಂದ್ರೂ ಬಿಡಬೇಡ."

ಬಾವುಟದ ಕೆಲಸ ಗುಡ್ಡಮ್ಮನಿಗೆ ಬಂದದ್ದು ಗಂಡನ ಕಾಲಿನಿಂದ.

ಚೌಡಪ್ಪ ಡಾಂಬರು ಕಾಯಿಸುತ್ತಿದ್ದ. ಡಾಂಬರಿನವರೆಲ್ಲ ಮಾಡುವಂತೆ ಪಾದದಿಂದ ಮೊಣಕಾಲಿನವರೆಗೆ ಗೋಣಿ ಸುತ್ತಿ ಹಗ್ಗ ಬಿಗಿದುಕೊಂಡಿದ್ದ. ಚಿಮ್ಮಿದ ಹನಿ ತಡೆಯುತ್ತದೆಂದು ಸುತ್ತುವ ಗೋಣಿ ಅದು. ಅವತ್ತು ಹನಿ ಬೀಳಲಿಲ್ಲ, ಡ್ರಮ್ಮೇ ವಾಲಿತು. ಗೋಣಿ ಕುದಿಯುವ ಡಾಂಬರನ್ನು ಕುಡಿದು ಕಾಲಿಗೆ ಹಿಡಿದುಕೊಂಡಿತು. ಮೇಸ್ತ್ರಿ ಕಲ್ಲಪ್ಪ ಓಡಿ ಬಂದು ಗಾಬರಿಯಲ್ಲಿ ಅದನ್ನು ಎಳೆದ. ಗೋಣಿಯ ಜೊತೆ ತೊಗಲೂ ಬಂತು.

ಮಾರನೆಯ ದಿನ ಕಲ್ಲಪ್ಪ ಗುಡ್ಡಮ್ಮನನ್ನು ಕರೆದು, "ನೀನಿನ್ನು ಜಲ್ಲಿ ಹೊರಬ್ಯಾಡ. ನೆಳ್ಳಾಗೆ ನಿಂತ್ಕಂಡು ಬಾವುಟ ಆಡ್ಸು. ನಿನ್ ಗಂಡನ ಕಾಲಿನ ಬದಲಿಗೆ ಅಂತ ತಿಳ್ಕ," ಎಂದಿದ್ದ.

ಅಲ್ಲಿ ನೆರಳೇನೂ ಇರಲಿಲ್ಲ.

ಮೊದಮೊದಲು ಕೆಂಪು ಬಸ್ಸು ಏರಿಯ ಮೇಲೆಯೇ ಬರುತ್ತಿತ್ತು. ಶಿಕಾರಿಪುರದ ಆಸ್ಪತ್ರೆಯಲ್ಲಿ ಒಂದು ದಿನ ಬಿಟ್ಟು ಒಂದು ದಿನ ಕಾಲಿಗೆ ಬಟ್ಟೆ ಕಟ್ಟಿಸಬೇಕಿತ್ತು. ಗುಡ್ಡಮ್ಮ ಗಂಡನನ್ನು ಹತ್ತಿಸುತ್ತಿದ್ದಳು, ಕಂಡಕ್ಟರ್ ಟಿಕೀಟು ಹರಿದು ಕೈಯಲ್ಲಿಡುತ್ತಿದ್ದ. ಚೌಡಪ್ಪ ಕಿಟಕಿ ಪಕ್ಕದಲ್ಲಿ ಕಾಲು ನೀಡಿ ಕೂತುಕೊಳ್ಳುತ್ತಿದ್ದ. ಕೇರಿಯವನ ಪಕ್ಕ ಕೂರಲಾರದವರು ಕಂಬಿ ಹಿಡಿದು ನಿಲ್ಲುತ್ತಿದ್ದರು. ನಿಲ್ಲುತ್ತಿದ್ದವರು ಅವರು, ಇವನಲ್ಲ. ಹಿಂತಿರುಗಿ ಬಂದ ಮೇಲೆ ಚೌಡಪ್ಪ ಕಾಲಿನ ಮಾತು ಬಿಟ್ಟು ಕಿಟಕಿಯಲ್ಲಿ ಕಂಡದ್ದನ್ನೇ ಹೇಳುತ್ತಿದ್ದ.

ಆಮೇಲೆ ಏರಿ ಬಸ್ಸಿನ ಭಾರ ತಡೆಯುವುದಿಲ್ಲವೆಂದು ಗೊತ್ತಾಗಿ, ಬಸ್ಸು ಆ ತುದಿಯಾಚೆಯಿಂದಲೇ ತಿರುಗಿ ಹೋಗತೊಡಗಿತು. ಜನರಿಗೆ ತೊಂದರೆಯಾಗಬಾರದೆಂದು ಬದಲಿ ಗಾಡಿ ಬಂತು. ಅಕ್ಕಿ ಗಿರಣಿಯ ಸಾಹುಕಾರ ಚಂದ್ರಶೇಖರಪ್ಪನವರ ಟೆಂಪೋ. ಅದರ ಗಾಜಿನ ಮೇಲೆ ದಪ್ಪ ಅಕ್ಷರದ ಬೋರ್ಡು. ಬಸ್ಸಿನಷ್ಟೇ ಟಿಕೀಟು. ಊರಿನವರಿಗೆ ಸೀಟು. ಕೇರಿಯವರಿಗೆ ಗಾಡಿಯ ನೆತ್ತಿ, ಶುಂಠಿ ಮೂಟೆಗಳ ನಡುವೆ.

ಒಂದು ಸಲ ಚೌಡಪ್ಪ ಹಾಗೆಯೇ ಹತ್ತಿ ಹೋಗಿ ಬಂದ. ಇಳಿಯುವಾಗ ಹುಣ್ಣು ಕಬ್ಬಿಣದ ಏಣಿಗೆ ಬಡಿದು ಕಟ್ಟಿಸಿಕೊಂಡ ಬಟ್ಟೆ ನೆನೆಯಿತು. ಮುಂದಿನ ಸಲ ಹತ್ತಲಾಗಲಿಲ್ಲ. ಗುಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದ ಚಂದ್ರಶೇಖರಪ್ಪನವರ ಹತ್ತಿರ ಹೋದಳು.

"ಸಾವ್ಕಾರ್ರೆ, ಇವ್ರಿಗೆ ಮ್ಯಾಲೆ ಹತ್ತಾಕಾಗಲ್ಲ. ಒಳಗೆ ಒಂದೀಟು ಜಾಗ ಕೊಡ್ರಿ. ಡಾಕ್ಟ್ರು ಬಟ್ಟೆ ಕಟ್ಸಾದು ಬಿಡ್ಬ್ಯಾಡ ಅಂದವ್ರೆ. ಬಿಟ್ರೆ ಕಾಲು ತೆಗೀಬೇಕಾಗ್ತದಂತೆ."

"ತೆಗೀಲಿ ಬಿಡೇ, ಭಾರ ಕಮ್ಮಿ ಆಗ್ತದೆ." ಅವರು ಹಿಂದೆ ತಿರುಗಿ ನಗುವವರಿಗೆ ಸ್ವಲ್ಪ ಸಮಯ ಕೊಟ್ಟರು. "ನಮ್ಮ ಗಿರಣಿ ಬೂದಿ ಹೊರ್ತಿದ್ದಾಗ ಚೆನ್ನಾಗೇ ಇದ್ದ ಬೋಳಿಮಗ. ಈಗ ನಾರ್ತಾವ್ನೆ. ಇವನ್ನ ಸೀಟಿನ ಮ್ಯಾಲೆ ಕೂರಿಸಿದ್ರೆ ನಾಳೆ ಯಾವಳು ಹತ್ತುತಾಳೆ ನನ್ ಗಾಡಿ?"

"ಕೆಳಗೇ ಕೂರ್ತಾರೆ ಸಾವ್ಕಾರ್ರೆ. ಕಾಲತ್ರ."

"ಕಾಲತ್ರ ನನ್ ಕಾಲೈತೆ."

ಎರಡನೆಯ ಸೀಟಿನಲ್ಲಿ ಶಾಲೆಯ ಟೀಚರು ರಾಜೇಶ್ವರಮ್ಮ ಕೂತಿದ್ದರು. ಒಂದು ಕಾಲಕ್ಕೆ ಚೌಡಪ್ಪ ಅವರ ಮನೆಯ ಸೌದೆ ಒಡೆಯುತ್ತಿದ್ದ. ಅವರು ಸೆರಗು ಮೂಗಿಗೆ ತಂದುಕೊಂಡು ಕೆರೆಯ ನೀರು ನೋಡಿದರು.

"ಮ್ಯಾಲೆ ಹಾಕ್ತೀಯೇನು ಹಾಕು," ಎಂದ ಚನ್ನೇಶ. "ಶುಂಠಿಗೇನು ವಾಸ್ನೆ ಹತ್ತಲ್ಲ."

ಗುಡ್ಡಮ್ಮ ಬಾವುಟವನ್ನು ಜಲ್ಲಿಯ ಮೇಲಿಟ್ಟಳು. ಟೆಂಪೋ ಹೋಯಿತು.

ಹಾಲಿನ ವ್ಯಾನಿನವನನ್ನು ಕೇಳಿದಳು. "ಹಾಲು ಕಣವ್ವಾ," ಎಂದ ಅವನು, ಅಷ್ಟೇ. ಮೋಟಾರ್ ಸೈಕಲ್ಲಿನವರು ಕಿವಿ ಕೇಳದವರಂತೆ ಹೋದರು. ಕೊನೆಗೆ ಇಂಜಿನಿಯರ್ ಸಾಹೇಬರ ಜೀಪಿಗೆ ಕೆಂಪು ಬಾವುಟ ತೋರಿಸಿ ನಿಲ್ಲಿಸಿ, ಮುಂದೆ ಹೋಗಿ ಕೈಮುಗಿದಳು.

ಅವರು ಒಳ್ಳೆಯವರು. ಗಾಜಿಳಿಸಿ ಪೂರ್ತಿ ಕೇಳಿಸಿಕೊಂಡರು. "ಅದಕ್ಕೇ ಬದಲಿ ವ್ಯವಸ್ಥೆ ಮಾಡಿದೀವಲ್ಲಮ್ಮ. ಬೋರ್ಡ್ ಹಾಕ್ಸಿದೀವಿ. ಓದಿಲ್ವ?"

"ಓದಾಕೆ ಬರಲ್ಲ ಸಾರ್. ಏನಂತ ಬರ್ದದೆ?"

"ಎಲ್ಲರಿಗೂ ಅಂತ."

"ಹಂಗಂತ ಬರ್ದದಾ?"

"ಹೂಂ. ದೊಡ್ಡದಾಗಿ."

ಜೀಪೇ ಕೊನೆಯದಾಗಿತ್ತು. ಅವಳು ಹಸಿರು ಬಾವುಟವನ್ನು ಜಲ್ಲಿ ರಾಶಿಯ ಮೇಲಿಟ್ಟು ಹಿಂದೆ ಸರಿದಳು. ಯಾರೂ ಹೇಳಿರಲಿಲ್ಲ, ಕೈಗೆ ರೂಢಿಯಾಗಿತ್ತು. ಸಾಹೇಬರ ಡ್ರೈವರ್ ಇಳಿದು ಎತ್ತಿಕೊಂಡ. ಅದು ಯಾಕೆ ಹಾಗೆ ಎಂದು ಸಾಹೇಬರು ಕೇಳಲಿಲ್ಲ.

ಚೌಡಪ್ಪ ರಸ್ತೆ ಬದಿಯ ತಾಡಪಾಲಿನ ಗುಡಿಸಲಿನಲ್ಲಿ ಮಲಗಿರುತ್ತಿದ್ದ. ಏರಿಯ ಕಡೆಗೆ ಗಾಳಿ ಬೀಸಿದಾಗ ಕಾಲಿನ ವಾಸನೆ ಅವಳು ನಿಂತಲ್ಲಿಗೆ ಬರುತ್ತಿತ್ತು. ಮೊದಲು ಮುಖ ಆಚೆ ತಿರುಗಿಸುತ್ತಿದ್ದಳು. ಈಚೆಗೆ ತಿರುಗಿಸುತ್ತಿರಲಿಲ್ಲ. ಬೆರಳುಗಳು ಕಪ್ಪಾದವು. ಅವನು ನರಳುವುದನ್ನು ಬಿಟ್ಟ. ನರಳುವುದು ನಿಂತದ್ದೇ ಅವಳಿಗೆ ಕೆಟ್ಟದ್ದೆನಿಸಿತು, ಆದರೆ ಅಳು ಬರಲಿಲ್ಲ. ಅಳಬೇಕು ಎಂದುಕೊಂಡು ಕೂತಳು, ಅಕ್ಕಿ ಆರಿಸುವಾಗಿನಂತೆ ಕೂತಳು, ಬರಲಿಲ್ಲ.

ಒಂದು ಬೆಳಿಗ್ಗೆ ಅವನ ಮೈ ಸುಡುತ್ತಿತ್ತು. ಕರೆದರೆ ತಡವಾಗಿ ಕಣ್ಣು ತೆರೆಯುತ್ತಿದ್ದ. ಜಲ್ಲಿ ಹೊರುವ ಬಸಕ್ಕನನ್ನು ಕೂಗಿದಳು. ಇಬ್ಬರೂ ಗೋಣಿಯ ಎರಡು ತುದಿ ಹಿಡಿದು ಅವನನ್ನು ಹೊತ್ತು ತಂದರು.

"ಎಲ್ಲಿ ಇಳಿಸಾನೇ?" ಎಂದಳು ಬಸಕ್ಕ ಏದುಸಿರು ಬಿಡುತ್ತ.

"ಜಲ್ಲಿ ಮ್ಯಾಲೆ."

"ಚುಚ್ಚಲ್ವೇನೇ?"

"ಅವ್ರಿಗೀಗ ಏನೂ ಚುಚ್ಚಲ್ಲ."

ಏರಿಯ ಬಾಯಲ್ಲೇ ಇದ್ದ ಆ ರಾಶಿಗೆ ಅವನನ್ನು ಒರಗಿಸಿ ಕೂರಿಸಿದರು. ಗುಡ್ಡಮ್ಮ ಕಾಲಿನ ಹಳೆ ಬಟ್ಟೆ ಬಿಚ್ಚಿದಳು, ತನ್ನ ಸೀರೆಯ ಅಂಚು ಹರಿದು ಕಾಲಿಗೆ ಸುತ್ತಿದಳು. ಬಿಚ್ಚಿದ ಬಟ್ಟೆ ಕೀವಿನಿಂದ ಒದ್ದೆಯಾಗಿತ್ತು. ಅದನ್ನು ಹಿಂಡಲಿಲ್ಲ, ಬಿಸಾಡಲಿಲ್ಲ. ಹಸಿರು ಬಾವುಟದ ಕೋಲನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಅದೇ ಬಟ್ಟೆಯಿಂದ ಸುತ್ತಿ ಸುತ್ತಿ ಗಂಟು ಹಾಕಿದಳು. ಗೋಣಿ ಚೀಲಕ್ಕೆ ಹಾಕುವ ಗಂಟು.

ಬಸಕ್ಕ ನೋಡುತ್ತ ನಿಂತಿದ್ದಳು. "ಏನ್ ಮಾಡ್ತಿದೀಯೇ ಇದು?" ಎಂದಳು. ಜಲ್ಲಿ ಹೊರಲು ಹೋಗದೆ ಅಲ್ಲೇ ಕೂತಳು.

ಟೆಂಪೋ ಬಂತು. ಗುಡ್ಡಮ್ಮ ಅದನ್ನು ಕೆಂಪು ಹಿಡಿದು ತಡೆದು, ಹಿಂದಿದ್ದ ಹಾಲಿನ ವ್ಯಾನನ್ನೂ ಎರಡು ಸ್ಕೂಟರನ್ನೂ ಮುಂದೆ ಬಿಟ್ಟಳು. ಆಮೇಲೆ ಏರಿಯ ಬಾಯಿಗೆ ಅಡ್ಡವಾಗಿ ಬಂದು ನಿಂತಳು.

"ಕೊಡೇ ಬಾವುಟ," ಎಂದ ಚನ್ನೇಶ.

"ಇಡೋ ಜಾಗದಾಗೇ ಐತೆ. ತಗಳ್ರಿ."

ಅವನು ಇಳಿದು ರಾಶಿಯ ಹತ್ತಿರ ಹೋದ. ಬಗ್ಗಿದವನು ಅರ್ಧಕ್ಕೇ ನಿಂತ. ಸೆಟೆದು ನಿಂತು ಮೂಗು ಮುಚ್ಚಿಕೊಂಡ.

"ಏನೇ ಇದು? ಬಿಚ್ಚೇ."

"ನೀವೇ ಬಿಚ್ಕಳ್ರಿ. ಗಂಟು ಅಷ್ಟೇ, ಬಿಚ್ಚಿದ್ರೆ ಬಿಚ್ಕಂತದೆ. ಇಲ್ಲಾಂದ್ರೆ ಅವ್ರನ್ನ ಎತ್ತಿ ಒಳಗೆ ಕೂರಿಸ್ಕಳ್ರಿ. ಬಾವುಟನೂ ಬರ್ತದೆ."

ಚಂದ್ರಶೇಖರಪ್ಪನವರು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರು. "ಲೇ ಮುಂಡೆ, ಯಾರ್ ಗಾಡಿ ಅಂತ ಗೊತ್ತಾ? ಚರ್ಮ ಸುಲಿಸ್ಬಿಡ್ತೀನಿ."

"ಸುಲಿದೈತಲ್ರಿ, ನೋಡ್ರಿ ಅಲ್ಲಿ," ಎಂದಳು ಗುಡ್ಡಮ್ಮ. ದನಿ ಏರಿರಲಿಲ್ಲ.

"ಹೊಡಿಯೋ ಗಾಡಿ. ಬಾವುಟ ಇಲ್ದೇ ಹೊಡಿ."

ಚನ್ನೇಶ ಹತ್ತಿ ಗೇರು ಹಾಕಿದ. ಟೆಂಪೋದ ಮುಂದಿನ ಕಬ್ಬಿಣ ಅವಳ ಮೊಣಕಾಲಿಗೆ ತಾಗಿ ನಿಂತಿತು. ಅವಳಿಗೆ ಅದರ ಬಿಸಿ ಗೊತ್ತಾಯಿತು, ಹೆದರಿಕೆ ಎಲ್ಲಿದೆಯೆಂದು ಹುಡುಕಿದರೆ ಸಿಗಲಿಲ್ಲ.

"ಸರಿಯಾಕಿಲ್ಲ ಸಾವ್ಕಾರ್ರೆ ಇವ್ಳು," ಎಂದ ಚನ್ನೇಶ. "ಹೆಂಗೋ ಇವ್ಳನ್ನ ದಾಟಿ ಹೋದ್ರೂ, ಆ ಕಡಿಂದ ಯಾವನಾದ್ರೂ ಕಾದೂ ಕಾದೂ ನುಗ್ಗಿದ್ರೆ? ಲಾರಿ ಕತೆ ನೆಪ್ಪೈತಲ್ಲ."

ಹಾರನ್ ಕೇಳಿ ಕಲ್ಲಪ್ಪ ಓಡಿ ಬಂದ. "ಗುಡ್ಡೀ, ತಲೆ ಕೆಟ್ಟೈತೇನೇ? ನಾಳೆಯಿಂದ ಕೆಲ್ಸ ಇಲ್ಲ ನಿಂಗೆ."

"ನಾಳೆಯಿಂದಲ್ವ ಮೇಸ್ತ್ರಿ. ಇವತ್ತೈತೆ."

ಕಲ್ಲಪ್ಪ ಗಂಟು ಬಿಚ್ಚಲು ಚೌಡಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈ ಮುಂದೆ ತಂದ. ಒದ್ದೆ ಬಟ್ಟೆಯನ್ನು ನೋಡಿದ, ಕೆಳಗೆ ಕಾಲನ್ನು ನೋಡಿದ. ಗೋಣಿ ಎಳೆದದ್ದು ಇದೇ ಕೈ. ಅದು ಅಲ್ಲೇ ಸ್ವಲ್ಪ ಹೊತ್ತು ಗಾಳಿಯಲ್ಲಿತ್ತು. ಆಮೇಲೆ ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು, ರಸ್ತೆಯ ಆಚೆ ಬದಿಗೆ ಹೋಗಿ ಬೀಡಿ ಹಚ್ಚಿದ.

"ಪೊಲೀಸ್ನೋರನ್ನ ಕರೆಸ್ತೀನಿ," ಎಂದರು ಚಂದ್ರಶೇಖರಪ್ಪನವರು.

"ಕರೆಸ್ರಿ. ಅವ್ರೂ ಏರಿ ಮ್ಯಾಲೇ ಬರ್ಬೇಕಲ್ರಿ."

ಬಸಕ್ಕ ಫಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿಂದೆ ಗಾಡಿಗಳು ಬಂದು ನಿಲ್ಲತೊಡಗಿದವು. ಟ್ರ್ಯಾಕ್ಟರು, ಇಟ್ಟಿಗೆ ತುಂಬಿದ ಗೂಡ್ಸ್ ಆಟೋ, ಮದುವೆಗೆ ಹೊರಟ ಒಂದು ಕಾರು. ಒಬ್ಬೊಬ್ಬರೇ ಇಳಿದು ಬಂದು ಜಲ್ಲಿ ರಾಶಿಯಿಂದ ದೂರದಲ್ಲೇ ಗುಂಪುಗೂಡಿದರು. ಕಿತ್ತುಕೊಳ್ರೋ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಹತ್ತಿರ ಯಾರೂ ಬರಲಿಲ್ಲ.

ಟೆಂಪೋದ ಬಾಗಿಲು ತೆರೆಯಿತು. ರಾಜೇಶ್ವರಮ್ಮ ಟೀಚರು ಇಳಿದರು. ಗುಡ್ಡಮ್ಮ ಅವರನ್ನೇ ನೋಡಿದಳು. ಅವರು ಚೌಡಪ್ಪನ ಕಡೆಗೆ ಎರಡು ಹೆಜ್ಜೆ ಬಂದರು, ವಾಚು ನೋಡಿಕೊಂಡರು, ಕೊಡೆ ಬಿಡಿಸಿದರು, ದೂರದ ಬೇಲಿಯ ಪಕ್ಕದ ಹೊಂಗೆ ಮರದ ಕೆಳಗೆ ಹೋಗಿ ನಿಂತರು.

ಅವರು ಬಿಟ್ಟ ಸೀಟು ಖಾಲಿಯಾಗಿ ಕಾಣುತ್ತಿತ್ತು. ಕಿಟಕಿ ಪಕ್ಕದ್ದು.

ಬಿಸಿಲು ಏರಿತು. ಚನ್ನೇಶ ಇಂಜಿನ್ ಆರಿಸಿದ. ಅಷ್ಟು ಹೊತ್ತಿನ ಸದ್ದು ನಿಂತದ್ದಕ್ಕೋ ಏನೋ ಚೌಡಪ್ಪ ಕಣ್ಣು ತೆರೆದ.

"ಬಸ್ಸು ಬಂತೇನೇ?"

"ಬಂದು ನಿಂತದೆ," ಎಂದಳು ಗುಡ್ಡಮ್ಮ. "ಎಲ್ಲಾನೂ ನಿಂತದೆ."

ಅವನು ಏನೋ ಕೇಳುವವನಂತೆ ತುಟಿ ಆಡಿಸಿದ. ಏರಿಯ ಆ ತುದಿಯಿಂದ ಚಿಕ್ಕಬೀರಪ್ಪನ ಸೀಟಿ ಕೇಳಿಸಿತು, ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಹಸಿರು ಎಲ್ಲಿ ಎಂದು ಕೇಳುವ ಸೀಟಿ ಅದು.

ಗುಡ್ಡಮ್ಮನ ಬಲಗೈ ಜೋಮು ಹಿಡಿದಿತ್ತು. ಕೆಂಪು ಬಾವುಟವನ್ನು ಎಡಗೈಗೆ ಬದಲಾಯಿಸಿಕೊಂಡಳು.