ಮೇಸ್ತ್ರಿಯ ಊಟ

ನಾಯಿಗೆ ಏನು ಹಾಕಬೇಕು ಎಂಬ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಪಕ್ಷದ ಮುಖಂಡ ನನ್ನ ಗಂಡ ನರೇಶ್. ರಾಜಗೋಪಾಲನಗರದ ನಮ್ಮ ಕಟ್ಟಡದ ಕೆಳಗೆ ನಮ್ಮದೇ ದಿನಸಿ ಅಂಗಡಿಯಿದೆ. ಅಕ್ಕಿ ಬೇಳೆಯ ಪಕ್ಕದ ದೊಡ್ಡ ಡಬ್ಬದಲ್ಲಿ ನಾಯಿಯ ಒಣ ಆಹಾರವನ್ನು ಸುರಿದಿಟ್ಟು, ಕೇಳಿದವರಿಗೆ ಕೇಳಿದಷ್ಟು ತೂಗಿ ಕೊಡುತ್ತಾನೆ. ಮೂಟೆಯ ಮೇಲಿದ್ದ ಇಂಗ್ಲಿಷನ್ನು ಒಮ್ಮೆ ಓದಿದ್ದೇ ಓದಿದ್ದು, ಅಂದಿನಿಂದ ತಾನೇ ನಾಯಿ ಡಾಕ್ಟರು ಎಂಬಂತೆ ಮಾತಾಡುತ್ತಾನೆ. ಇನ್ನೊಂದು ಪಕ್ಷದ ಮುಖಂಡ ಎದುರಿನ ಕೋಳಿ ಅಂಗಡಿಯ ಚಿನ್ನಪ್ಪ. ನಾಯಿ ಹುಟ್ಟಿರುವುದೇ ಹಸಿ ಮಾಂಸ ತಿನ್ನಲು, ಕಾಡಿನಲ್ಲಿ ಅದಕ್ಕೆ ಯಾರು ಪ್ಯಾಕೆಟ್ ಕತ್ತರಿಸಿ ಕೊಡುತ್ತಿದ್ದರು ಎಂಬುದು ಅವನ ವಾದ. ಇಬ್ಬರಿಗೂ ಸ್ವಂತ ನಾಯಿಯಿಲ್ಲ. ಮಾರಲು ಮಾಲು ಮಾತ್ರ ಇದೆ.

ಈ ಇಬ್ಬರ ನಡುವೆ ಸಿಕ್ಕಿಕೊಂಡದ್ದು ಮೇಸ್ತ್ರಿ. ನಮ್ಮ ಮಹಡಿಯ ಮೂಲೆಯ ಕೋಣೆಯಲ್ಲಿ ಬಾಡಿಗೆಗಿರುವ ಸಿದ್ದಕ್ಕನ ನಾಯಿ. ಸಿದ್ದಕ್ಕ ಬಾಗಲಕೋಟೆ ಕಡೆಯವಳು, ಗಂಡ ತೀರಿಕೊಂಡಿದ್ದಾನೆ. ಪೀಣ್ಯದ ಒಂದು ಲೇಥ್ ಕಾರ್ಖಾನೆಯಲ್ಲಿ ಕಬ್ಬಿಣದ ಚೂರು ಗುಡಿಸುವ ಕೆಲಸಕ್ಕಿದ್ದಳು. ಅಲ್ಲಿದ್ದ ಕಂದು ಬಣ್ಣದ ನಾಯಿ ಬೆಳಗಾದರೆ ಒಂದೊಂದು ಯಂತ್ರದ ಮುಂದೆಯೂ ನಿಂತು ನೋಡಿಕೊಂಡು ಹೋಗುತ್ತಿದ್ದುದರಿಂದ ಕೆಲಸಗಾರರೆಲ್ಲ ಸೇರಿ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರಂತೆ. ಸಂಜೆ ಸಿದ್ದಕ್ಕ ಹೊರಟರೆ ಮೇಸ್ತ್ರಿಯೂ ಹೊರಡುತ್ತಿದ್ದ. ದೀಪವಿಲ್ಲದ ಆ ಗಲ್ಲಿಯಲ್ಲಿ ಅವಳ ಮುಂದೆ ಮುಂದೆ ನಡೆದು, ಮೇನ್ ರೋಡು ಮುಟ್ಟಿಸಿ, ಅವಳು ಆಚೆ ದಾಟಿದ್ದನ್ನು ನೋಡಿ ವಾಪಸಾಗುತ್ತಿದ್ದ. ಯಾರೂ ಕಲಿಸಿದ್ದಲ್ಲ, ಅವನೇ ವಹಿಸಿಕೊಂಡ ಕೆಲಸ.

ಕಾರ್ಖಾನೆ ಊರಾಚೆಗೆ ಹೋದಾಗ ಲೇಥ್‌ಗಳನ್ನೆಲ್ಲ ಲಾರಿಗೆ ಹೇರಿದರು, ಮೇಸ್ತ್ರಿಯನ್ನು ಯಾರೂ ಹೇರಲಿಲ್ಲ. ಸಿದ್ದಕ್ಕ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಳು, ತಾನು ಹತ್ತಿರದ ಇನ್ನೊಂದು ಕಾರ್ಖಾನೆಗೆ ಸೇರಿಕೊಂಡಳು. ಬಾಡಿಗೆಗೆ ಬರುವವರಿಗೆ ನಾಯಿ ಬೆಕ್ಕು ಕೂಡದು ಎಂದು ಖಡಾಖಂಡಿತವಾಗಿ ಹೇಳುವವಳು ನಾನು. ಆದರೆ ಮೆಟ್ಟಿಲ ಬುಡದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ ಆ ಮುಖ ಕಂಡು ನಾನೇ ಹಳೆಯ ಗೋಣಿಚೀಲ ತಂದು ಹಾಸಿದೆ.

ಸಿದ್ದಕ್ಕ ಲಿಂಗ ಕಟ್ಟಿದವಳು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸುವವರೆಗೆ ಬಾಯಿಗೆ ನೀರೂ ಬಿಡುವುದಿಲ್ಲ. ಚಿನ್ನಪ್ಪನ ಅಂಗಡಿಯ ಮುಂದೆ ಹೋಗಬೇಕಾದರೆ ಸೆರಗನ್ನು ಮೂಗಿಗೆ ಹಿಡಿದು ಬೀದಿಯ ಈ ಬದಿಗೆ ದಾಟುತ್ತಿದ್ದಳು. ಮೇಸ್ತ್ರಿಗೆ ಮೊದಮೊದಲು ರೊಟ್ಟಿ ಹಾಲು ಹಾಕಿದಳು, ಅವನು ಸೊರಗಿದ. ಆಮೇಲೆ ನರೇಶನ ಡಬ್ಬದ ಮಾಲು ಶುರುವಾಯಿತು. ಅದನ್ನು ಅವಳು ಬಿಸ್ಕತ್ತು ಎಂದೇ ಕರೆಯುತ್ತಿದ್ದಳು. ಹಿಟ್ಟಿನಲ್ಲಿ ಮಾಡಿ ಸುಟ್ಟ ಬಿಸ್ಕತ್ತು. ಜೋಳದ ಹಿಟ್ಟಿನ ಡಬ್ಬದ ಪಕ್ಕದಲ್ಲೇ ಇಟ್ಟುಕೊಂಡು, ಕೈಯಲ್ಲೇ ಬೊಗಸೆ ತುಂಬಿ ಹಾಕುತ್ತಿದ್ದಳು. ಮೇಸ್ತ್ರಿ ಮೈತುಂಬಿಕೊಂಡ. ಅವನನ್ನು ಮೀಯಿಸಲು ಎತ್ತಿಕೊಳ್ಳುವಾಗ ಮಾತ್ರ ಕೊರಳ ಲಿಂಗವನ್ನು ಮರೆಯದೆ ಬೆನ್ನ ಕಡೆಗೆ ಸರಿಸಿಕೊಳ್ಳುತ್ತಿದ್ದಳು. ಎಷ್ಟಾದರೂ ನಾಯಿ.

ಈ ಸಲ ಶ್ರಾವಣ ಹತ್ತಿರವಾಗುತ್ತಿದ್ದಂತೆ ಮೇಸ್ತ್ರಿ ಬಿಸ್ಕತ್ತು ಬಿಟ್ಟ. ಬಾಯಿಗೆ ತೆಗೆದುಕೊಂಡು ಉಗುಳುವುದು, ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂರುವುದು. ಬೆನ್ನಿನ ಮೂಳೆ ಕಾಣತೊಡಗಿತು. ಮೆಟ್ಟಿಲು ಹತ್ತಲಾಗದೆ ಸಿದ್ದಕ್ಕನೇ ಎತ್ತಿ ಇಳಿಸಿ ಮಾಡಬೇಕಾಯಿತು. ನರೇಶ್ ಬೇರೆ ಬ್ರ್ಯಾಂಡು ತರಿಸಿದ, ಅದನ್ನೂ ಮೇಸ್ತ್ರಿ ಮೂಸಿ ಬಿಟ್ಟ. ಆಗ ಚಿನ್ನಪ್ಪ ತನ್ನ ಪಕ್ಷದ ಗೆಲುವು ಸಾಧಿಸಲು ಇದೇ ಸಮಯ ಎಂದುಕೊಂಡು, ಸಿದ್ದಕ್ಕ ಕೆಲಸಕ್ಕೆ ಹೋದಾಗ ಮೆಟ್ಟಿಲ ಬುಡಕ್ಕೆ ಕೋಳಿಯ ಹಸಿ ಲಿವರಿನ ಚೂರುಗಳನ್ನು ತಂದು ಹಾಕಿದ. ಮೇಸ್ತ್ರಿ ಅಗಿಯದೆ ನುಂಗಿದ. ನೋಡಿದ್ರಾ ಅಕ್ಕ ಎಂದು ಚಿನ್ನಪ್ಪ ನನ್ನ ಕಡೆ ಮೀಸೆ ತಿರುವಿದ. ಮಾರನೆಯ ದಿನ ಮೇಸ್ತ್ರಿಗೆ ವಾಂತಿ ಭೇದಿ ಎರಡೂ ಹಿಡಿದು ಎದ್ದು ನಿಲ್ಲಲಾಗಲಿಲ್ಲ. ನಾನು ಇಬ್ಬರು ಮುಖಂಡರನ್ನೂ ಬೀದಿಯಲ್ಲೇ ನಿಲ್ಲಿಸಿ ಚೆನ್ನಾಗಿ ಉಗಿದೆ.

ನರೇಶನನ್ನು ಎಳೆದುಕೊಂಡು, ಸಿದ್ದಕ್ಕನ ಜೊತೆ ಮೇಸ್ತ್ರಿಯನ್ನು ನಾಗಸಂದ್ರದ ಕಡೆಯ ಪಶುವೈದ್ಯರ ಹತ್ತಿರ ಕರೆದೊಯ್ದೆ. ಅವರು ಬಾಯಿ ತೆರೆದು ನೋಡಿದರು. ಹಲ್ಲೆಲ್ಲ ಕೊಳೆತು ವಸಡು ಕೀವುಗಟ್ಟಿತ್ತು. ಹಲ್ಲು ಕೀಳಲೇಬೇಕು, ಆದರೆ ಈಗ ಮತ್ತಿನ ಔಷಧಿ ತಡೆಯುವಷ್ಟು ಶಕ್ತಿ ಮೈಯಲ್ಲಿಲ್ಲ, ಮೊದಲು ತಿಂದು ಚೇತರಿಸಿಕೊಳ್ಳಬೇಕು ಎಂದರು. ಏನು ಹಾಕಬೇಕೆಂದು ಸಿದ್ದಕ್ಕ ಕೇಳಿದಳು. ಒಣ ಆಹಾರ ಕೆಟ್ಟದ್ದಲ್ಲ, ಬೇಕಾದದ್ದೆಲ್ಲ ಅದರಲ್ಲಿದೆ, ಆದರೆ ಇವನಿಗೆ ಅಗಿಯಲಾಗುವುದಿಲ್ಲ, ನೆನೆಸಿ ಕೊಟ್ಟು ನೋಡಿ ಎಂದರು ಅವರು. ಹಸಿ ಮಾಂಸ ರುಚಿಗೆ ತಿನ್ನುತ್ತಾನೆ, ಆದರೆ ಅದರಲ್ಲಿರುವ ಕ್ರಿಮಿಗಳನ್ನು ತಡೆಯುವ ವಯಸ್ಸು ಇವನದಲ್ಲ. ನೆನೆಸಿದ್ದನ್ನೂ ಮುಟ್ಟದಿದ್ದರೆ ಮೂಳೆಯಿಲ್ಲದ ಕೋಳಿಯನ್ನು ಉಪ್ಪು ಖಾರವಿಲ್ಲದೆ ಬೇಯಿಸಿ, ಹಿಂಜಿ, ಅನ್ನದಲ್ಲಿ ಕಲಸಿ ಕೊಡಿ ಎಂದೂ ಹೇಳಿದರು.

ಕೋಳಿಯ ಮಾತು ಬಂದ ಕೂಡಲೇ ಸಿದ್ದಕ್ಕ ಹಿಂದೆ ಸರಿದಳು. ನಮ್ಮ ಮನೆಯಲ್ಲಿ ಅದೆಲ್ಲ ನಡೆಯುವುದಿಲ್ಲ, ಇವನೂ ಇಷ್ಟು ದಿನ ಬಿಸ್ಕತ್ತಿನ ಮೇಲೇ ಇದ್ದವನು ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. "ಆ ಬಿಸ್ಕತ್ತೂ ಕೋಳೀದೇ ಅಲ್ವೇನಮ್ಮ? ಒಣಗಿಸಿ ಪುಡಿ ಮಾಡಿರ್ತಾರೆ, ಅಷ್ಟೇ," ಎಂದರು.

ಸಿದ್ದಕ್ಕ ನರೇಶನ ಕಡೆ ತಿರುಗಿದಳು. "ಹೌದೇನೋ ತಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಮೂಟೆಯ ಮೇಲಿನ ಇಂಗ್ಲಿಷನ್ನೆಲ್ಲ ಓದಿದ್ದ ನನ್ನ ಗಂಡ ಗೋಡೆಯ ಮೇಲಿನ ಹಸುವಿನ ಚಿತ್ರವನ್ನು ನೋಡುತ್ತಾ ನಿಂತ. ಅವಳಾಗಿ ಕೇಳಲಿಲ್ಲ, ನಾನು ಹೇಳಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಗೊಣಗಿದ. ಆ ಮಾತಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಂದು ಸಿದ್ದಕ್ಕ ಕೋಣೆಯನ್ನೆಲ್ಲ ತೊಳೆದಳು. ಬಿಸ್ಕತ್ತಿನ ಪಕ್ಕದಲ್ಲಿದ್ದ ಜೋಳದ ಹಿಟ್ಟನ್ನು ಬೀದಿಯ ಹಸುವಿಗೆ ಹಾಕಿದಳು. ತೊಳೆದ ನೆಲದ ಮೇಲೆ ಮೇಸ್ತ್ರಿ ಮಲಗಿಯೇ ಇದ್ದ. ಕೈ ತಾಗದಂತೆ ಚಮಚದಲ್ಲೇ ಬಿಸ್ಕತ್ತನ್ನು ನೆನೆಸಿ ಕೊಟ್ಟಳು, ಅವನು ಮುಖ ತಿರುಗಿಸಿದ. ಮೊಸರನ್ನ, ಗಂಜಿ, ಹಾಲು ಎಲ್ಲಕ್ಕೂ ಅದೇ. ಗೋಗರೆದಳು, ಗದರಿಸಿದಳು, ಕೊನೆಗೆ ಅವನ ಪಕ್ಕದಲ್ಲಿ ಕೂತು ಅತ್ತಳು.

ಸುದ್ದಿ ಅಷ್ಟರಲ್ಲಿ ಹಿಂದಿನ ಬೀದಿಯ ಭೀಮಪ್ಪನಿಗೆ ಮುಟ್ಟಿತ್ತು. ಭೀಮಪ್ಪ ಸಿದ್ದಕ್ಕನ ಗಂಡನ ಅಣ್ಣ, ಈ ಊರಿನಲ್ಲಿ ಅವಳಿಗಿರುವ ಹಿರಿಯ. ಶ್ರಾವಣ ಸೋಮವಾರಗಳಂದು ಅವರ ಮನೆಯಲ್ಲಿ ಭಜನೆ, ಊಟ. ಬಾಗಲಕೋಟೆ ಕಡೆಯ ಜನ ಕಾರ್ಖಾನೆಗಳಿಂದ ನೇರ ಅಲ್ಲಿಗೇ ಬರುತ್ತಾರೆ. ಅಷ್ಟು ಜನಕ್ಕೂ ರೊಟ್ಟಿ ಬಡಿಯುವವಳು ಸಿದ್ದಕ್ಕ. ಊರು ಬಿಟ್ಟು ಬಂದವಳಿಗೆ ಊರು ಎಂದರೆ ಆ ಮನೆಯ ಅಡುಗೆ ಒಲೆಯ ಮುಂದಿನ ಜಾಗ, ಅದು ನನಗೂ ಗೊತ್ತಿತ್ತು.

ಭೀಮಪ್ಪ ಬಂದು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತ. ತಿಳಿಯದೆ ಆದದ್ದು ಆಯಿತು, ಅದನ್ನು ಯಾರೂ ಎತ್ತಿ ಆಡುವುದಿಲ್ಲ, ಆದರೆ ತಿಳಿದ ಮೇಲೂ ಕೋಳಿ ಮುಟ್ಟಿದರೆ ನಮ್ಮ ಒಲೆಯ ಹತ್ತಿರ ಸೇರಿಸುವುದು ಹೇಗೆ ಎಂದ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದೂ ಬುದ್ಧಿ ಹೇಳಿದ. "ನಾಯಿ ಬೇಕೋ, ನಾವು ಬೇಕೋ, ನೀನ ಹೇಳು ಸಿದ್ದವ್ವ."

"ಸೋಮವಾರ ಬಂದು ಹೇಳ್ತೀನ್ರಿ, ಭಾವಾರ," ಎಂದಳು ಅವಳು.

ಅವನು ಹೋದ ಮೇಲೆ ನಾನು ನನಗೆ ತೋಚಿದ ಸುಲಭದ ದಾರಿ ಹೇಳಿದೆ. ನಾವಂತೂ ತಿನ್ನುವ ಜನ, ನನ್ನ ಅಡುಗೆಮನೆಯಲ್ಲಿ ನಾನೇ ಬೇಯಿಸಿ ಮೇಸ್ತ್ರಿಗೆ ಹಾಕುತ್ತೇನೆ, ನೀವು ಮುಟ್ಟುವುದೇ ಬೇಡ, ಭೀಮಪ್ಪನಿಗೂ ಹೇಳುವುದು ಬೇಡ ಎಂದೆ. ಸಿದ್ದಕ್ಕ ಮೇಸ್ತ್ರಿಯ ಕಿವಿ ಸವರಿದಳು.

"ಅಂವ ನನ್ನ ನಂಬಿ ಬಂದಾನ್ರಿ, ಅಕ್ಕಾರ. ನಿಮ್ಮ ಕೈಲೆ ಮಾಡಿಸಿ ನಾ ಕೈ ತೊಳಕೊಂಡು ಕುಂತ್ರ, ಅದು ಮಡಿ ಅಲ್ರಿ, ಅಂಜಿಕಿ."

ಭಾನುವಾರ ಬೆಳಿಗ್ಗೆ ಚಿನ್ನಪ್ಪನ ಅಂಗಡಿಯ ಮುಂದೆ ಸಾಲು ರಸ್ತೆಯವರೆಗೆ ಬಂದಿತ್ತು. ಸಿದ್ದಕ್ಕ ತಲೆ ತುಂಬ ಸೆರಗು ಹೊದ್ದು ಆ ಸಾಲಿನಲ್ಲಿ ನಿಂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಯಾರೋ "ಮುಂದೆ ಹೋಗಿ ಅಕ್ಕ" ಎಂದು ಜಾಗ ಬಿಟ್ಟರೆ, ಬೇಡ ಎಂದು ತನ್ನ ಸರದಿಯವರೆಗೂ ಕಾದಳು. ಚಿನ್ನಪ್ಪ ಕತ್ತಿಯನ್ನು ಕೆಳಗಿಟ್ಟು, ನೀವ್ಯಾಕೆ ಬರಕ್ಕೋದ್ರಿ, ಹೇಳಿ ಕಳ್ಸಿದ್ರೆ ನಾನೇ ತಂದ್ಕೊಡ್ತಿದ್ದೆ ಎಂದು ತಡವರಿಸಿದ. ಮೂಳೆಯ ಚೂರೂ ಇರಬಾರದು ಎಂದಷ್ಟೇ ಅವಳು ಹೇಳಿದಳು. ಅವನು ಒಂದೊಂದು ತುಂಡನ್ನೂ ಬೆರಳಿನಿಂದ ಒತ್ತಿ ನೋಡಿ ಕವರಿಗೆ ಹಾಕಿದ. ಹಸಿ ಮಾಂಸದ ಹಿರಿಮೆಯ ಬಗ್ಗೆ ಅಂದು ಒಂದು ಮಾತೂ ಆಡಲಿಲ್ಲ.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ಮೂರು ಇಟ್ಟಿಗೆ ಹೂಡಿ, ಕಾರ್ಖಾನೆಯ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಚೂರು ಉರಿಸಿ ಅವಳು ಕೋಳಿ ಬೇಯಲಿಟ್ಟಳು. ಅದಕ್ಕೆಂದೇ ಹೊಸ ಬೋಗುಣಿ ತಂದಿದ್ದಳು. ನೀರು ಕುದಿದು ವಾಸನೆ ಎದ್ದಾಗ ಓಡಿಹೋಗಿ ಮೋರಿಯ ಹತ್ತಿರ ವಾಂತಿ ಮಾಡಿಕೊಂಡಳು. ನಾನು ಸೌಟು ಹಿಡಿಯಲು ಹೋದೆ. ಬಾಯಿ ಮುಕ್ಕಳಿಸಿ ಬಂದು ನನ್ನ ಕೈಯಿಂದ ಸೌಟು ಕಸಿದುಕೊಂಡಳು. ಆರಿದ ಮೇಲೆ ಕಣ್ಣು ಮುಚ್ಚದೆ, ಎಳೆ ಎಳೆಯಾಗಿ ಹಿಂಜಿ ಅನ್ನದಲ್ಲಿ ಕಲಸಿದಳು. ಮೇಸ್ತ್ರಿ ಮೊದಲು ಮೂಸಿದ. ಅವಳ ಬೆರಳು ನೆಕ್ಕಿದ. ಆಮೇಲೆ ತಟ್ಟೆಗೆ ಬಾಯಿ ಹಾಕಿದವನು ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಸಿದ್ದಕ್ಕ ಎದ್ದು ತಲೆಗೆ ನೀರು ಹಾಕಿಕೊಳ್ಳಲು ಹೋದಳು.

ಸೋಮವಾರ ಸಂಜೆ ಭೀಮಪ್ಪನ ಮನೆಗೆ ನಾನೂ ಜೊತೆಗೆ ಹೋದೆ. ಜಮಖಾನದ ಮೇಲೆ ಜನ ತುಂಬಿದ್ದರು. ಭೀಮಪ್ಪನ ಸೊಸೆ ಶೈಲಶ್ರೀ ಹಿಟ್ಟು ನಾದಿಟ್ಟು ದಾರಿ ನೋಡುತ್ತಿದ್ದಳು. ಯಾರೂ ಏನೂ ಕೇಳಲಿಲ್ಲ. ಸುಮ್ಮನೆ ಹೋಗಿ ಒಲೆಯ ಮುಂದೆ ಕೂತಿದ್ದರೆ ಬಹುಶಃ ಭೀಮಪ್ಪನೂ ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದನೋ ಏನೋ. ಸಿದ್ದಕ್ಕ ಹೊಸ್ತಿಲಲ್ಲೇ ನಿಂತಳು.

"ಭಾವಾರ, ನಿನ್ನಿ ಈ ಕೈಲೆ ಕೋಳಿ ಹಿಂಜೀನಿ, ಇವತ್ತೂ ಹಿಂಜೀನಿ. ನಾಳೇನೂ ಹಿಂಜಾಕಿ. ಮೈ ತೊಳಕೊಂಡು, ಪೂಜಿ ಮಾಡ್ಕೊಂಡು ಬಂದೀನಿ. ಬಡಿ ಅಂದ್ರ ರೊಟ್ಟಿ ಬಡೀತೀನಿ, ಬ್ಯಾಡಂದ್ರ ಹೋಗ್ತೀನಿ. ಮುಚ್ಚಿಟ್ಟು ಮಾತ್ರ ಬಡ್ಯಾಂಗಿಲ್ಲ."

ಭೀಮಪ್ಪ ಕೂತವರ ಮುಖಗಳನ್ನು ನೋಡಿದ. ಅವರೆಲ್ಲ ಅವನ ಮುಖ ನೋಡಿದರು. "ಹಂಗಾರ ಬ್ಯಾಡ," ಎಂದ.

ಶೈಲಶ್ರೀ ಹಿಟ್ಟಿನ ಕೈಯಲ್ಲೇ ಎದ್ದು ನಿಂತು "ಅತ್ತಿ" ಎಂದಳು. ಸಿದ್ದಕ್ಕ ಹೊಸ್ತಿಲಿಂದಲೇ ದೇವರಿಗೆ ಕೈಮುಗಿದು ತಿರುಗಿದಳು.

ಬೀದಿಗೆ ಬಂದ ಮೇಲೆ ನಾನು ತಡೆದುಕೊಂಡಿದ್ದ ಬೈಗುಳವನ್ನೆಲ್ಲ ಬಿಟ್ಟೆ. ಇಷ್ಟು ವರ್ಷ ರೊಟ್ಟಿ ತಿಂದ ಬಾಯಲ್ಲಿ ಒಬ್ಬರಿಗಾದರೂ ಒಂದು ಮಾತು ಬರಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಹಿಂದೆ ಭಜನೆ ಶುರುವಾದದ್ದು ಕೇಳಿಸಿತು. ಸಿದ್ದಕ್ಕನ ನಡಿಗೆ ಒಮ್ಮೆ ನಿಧಾನವಾಯಿತು, ಮತ್ತೆ ಸರಿಹೋಯಿತು.

ನಮ್ಮ ಬೀದಿಯ ತಿರುವಿನಲ್ಲಿ ಮೇಸ್ತ್ರಿ ನಿಂತಿದ್ದ. ಎತ್ತಿಕೊಂಡರೆ ಮಾತ್ರ ಮೆಟ್ಟಿಲಿಳಿಯುತ್ತಿದ್ದವನು ತಾನಾಗಿ ಇಳಿದು ಅಲ್ಲಿಯವರೆಗೆ ಬಂದಿದ್ದ. ಹಿಂಗಾಲುಗಳು ನಡುಗುತ್ತಿದ್ದವು. ನಮ್ಮನ್ನು ಕಂಡವನು ಬಾಲ ಅಲ್ಲಾಡಿಸಿ, ತಿರುಗಿ, ನಮ್ಮ ಮುಂದೆ ಮುಂದೆ ನಡೆಯತೊಡಗಿದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಸಿದ್ದಕ್ಕ ಬರುತ್ತಿದ್ದಾಳೆಯೇ ಎಂದು ನೋಡುತ್ತಿದ್ದ.

"ನೋಡ್ರಿ ಅಕ್ಕಾರ, ಡ್ಯೂಟಿಗೆ ಬಂದಾನ," ಎಂದಳು.

ಮೆಟ್ಟಿಲ ಬುಡಕ್ಕೆ ಬಂದಾಗ ಅವನ ಶಕ್ತಿ ಮುಗಿದಿತ್ತು. ಸಿದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿ, ಅವನನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಕೊರಳ ಲಿಂಗ ಎದೆಯ ಮೇಲೇ ಇತ್ತು, ಮೇಸ್ತ್ರಿಯ ಮೈಗೆ ತಾಗುತ್ತಿತ್ತು. ಅವಳು ಅದನ್ನು ಸರಿಸಿಕೊಳ್ಳಲಿಲ್ಲ. ಅವನ ಊಟದ ಹೊತ್ತಾಯಿತು ಎಂದು ಹೇಳಿ ಮೆಟ್ಟಿಲು ಹತ್ತಿದಳು.