ಒಂದೇ ಡಬ್ಬಿಯ ಫೋನುಗಳು

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಎಲ್ಲರ ಫೋನುಗಳನ್ನೂ ಕಿತ್ತುಕೊಂಡು ಒಂದೇ ತಗಡಿನ ಡಬ್ಬಿಗೆ ತುಂಬುತ್ತಿದ್ದ. ಕೆಲಸದ ಹೊತ್ತಿನಲ್ಲಿ ಯಾರೂ ಫೋನ್ ಮುಟ್ಟಕೂಡದೆಂದು ಮಾಲೀಕರ ಕಟ್ಟಪ್ಪಣೆ. ಊರಿಗೆ ಹೊಸ ಜ್ವರ ಕಾಲಿಟ್ಟ ಮೇಲೆ ಸರ್ಕಾರದ್ದೂ ಒಂದು ಅಪ್ಪಣೆಯಾಯಿತು: ಎಲ್ಲರೂ ಆ್ಯಪ್ ಹಾಕಿಕೊಳ್ಳಬೇಕು, ರೋಗಿಯ ಫೋನಿನ ಹತ್ತಿರ ಯಾರ ಫೋನಿತ್ತೋ ಅವರಿಗೆ ಕೆಂಪು ಗುರುತು, ಕೆಂಪು ಬಂದವರಿಗೆ ಆಸ್ಪತ್ರೆ. ಎರಡು ಅಪ್ಪಣೆಗಳೂ ಸೇರಿದರೆ ಏನು ಅನಾಹುತವಾಗುತ್ತದೆಂದು ಯೋಚಿಸುವ ಪುರುಸೊತ್ತು ಯಾವ ಪುಣ್ಯಾತ್ಮನಿಗೂ ಇರಲಿಲ್ಲ.

ಗುಂಡಿ ಹೊಲಿಯುವವಳು ಜ್ವರ ಬಂದು ಮಲಗಿದಳು. ಡಬ್ಬಿಯಲ್ಲಿದ್ದ ಫೋನುಗಳಿಗೆಲ್ಲ ಕೆಂಪು ಬಂತು, ಇಸ್ತ್ರಿ ಮಾಡುವ ಅಕ್ಕನದಕ್ಕೂ. ಅಕ್ಕ ಆ ಹೆಂಗಸಿನ ಮುಖವನ್ನೂ ಕಂಡವಳಲ್ಲ. ಇಬ್ಬರ ಫೋನುಗಳು ಮಾತ್ರ ದಿನವಿಡೀ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಆ ಹೆಂಗಸಿನ ಬೆಂಚಿನಲ್ಲೇ ಭುಜಕ್ಕೆ ಭುಜ ತಾಗಿಸಿ ಕೂತು ದಾರ ಕತ್ತರಿಸುತ್ತಿದ್ದವಳು ಅಕ್ಕನ ತಂಗಿ, ತುಂಬು ಬಸುರಿ. ಅವಳಿಗೆ ಫೋನೇ ಇಲ್ಲ. ಈಗ ಅವಳ ಮೈ ಕಾದ ಹಂಚು.

ಬೆಳಿಗ್ಗೆ ಅಕ್ಕತಂಗಿಯರ ಮನೆಗೆ ಆಸ್ಪತ್ರೆಯ ವ್ಯಾನು ಬಂತು. ಟ್ಯಾಬ್ ಹಿಡಿದ ಮೇಲ್ವಿಚಾರಕ ಹೊಸಿಲಾಚೆಯೇ ನಿಂತ.

"ಕೆಂಪು ಯಾರಿಗಮ್ಮಾ? ಹೊರಡಿ."

"ನಮ್ಮನೆಗೇ ಬಂದಿದೆ ಸಾರ್. ನಾನು ಗುಂಡುಕಲ್ಲಿನ ಹಾಗಿದ್ದೀನಿ, ಇವಳನ್ನ ಕರ್ಕೊಂಡು ಹೋಗಿ. ಉಸಿರಾಡೋಕೂ ಆಗ್ತಿಲ್ಲ."

"ಇವರ ನಂಬರ್?"

"ಫೋನಿಲ್ಲ ಸಾರ್."

"ಹಾಗಾದ್ರೆ ಇವರು ಈ ಟ್ಯಾಬಿನಲ್ಲಿ ಬರಲ್ಲ. ಇದರಲ್ಲಿ ಬರದವರಿಗೆ ಹಾಸಿಗೆ ಇಲ್ಲ. ನಾನೇನು ಮಾಡ್ಲಿ?"

ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ಕಣ್ಣು ಕಾಣ್ಸಲ್ವಾ ನಿಮ್ಗೆ? ಒಂದ್ಸಲ ಅವಳ ಮುಖ ನೋಡಿ!"

ಅವನು ಟ್ಯಾಬನ್ನೇ ನೋಡುತ್ತಿದ್ದ. ಇಂಥವನ ಜೊತೆ ಗಂಟಲು ಹರಿದುಕೊಂಡರೆ ತಂಗಿ ಉಳಿಯುತ್ತಾಳೆಯೇ? ಅಕ್ಕ ದಡದಡನೆ ಒಳಗೆ ಹೋಗಿ ತನ್ನ ಫೋನ್ ತಂದು ತಂಗಿಯ ಕೈಗೆ ತುರುಕಿದಳು.

"ತಗೊಳ್ಳಿ. ಫೋನ್ ಇವಳದು. ಕೆಂಪೂ ಇವಳದೇ."

"ಅದನ್ನ ಮೊದ್ಲೇ ಹೇಳೋಕೆ ಏನಾಗಿತ್ತು?" ಎಂದು ಅವನು ಅವಳನ್ನೇ ಗದರಿದ. ಕ್ಷಣದಲ್ಲಿ ತಂಗಿಯನ್ನು ವ್ಯಾನಿಗೆ ಹತ್ತಿಸಿದರು.

"ನಾನೂ ಬರ್ತೀನಿ ಸಾರ್. ರಾತ್ರಿಯೆಲ್ಲ ನನ್ನ ತೊಡೆ ಮೇಲೇ ಮಲಗಿದ್ದಳು. ನಂಗೂ ಅಂಟಿರಬಹುದು."

"ನಿಮ್ಮ ಫೋನ್?"

ಅಕ್ಕ ವ್ಯಾನಿನೊಳಗೆ ತಂಗಿಯ ಕೈಯಲ್ಲಿದ್ದ ಫೋನಿನತ್ತ ನೋಡಿದಳು.

"ಫೋನಿಲ್ಲ ಅಂದ್ರೆ ನಿಮ್ಗೇನೂ ಆಗಿಲ್ಲ. ಆರಾಮಾಗಿ ಕೆಲಸಕ್ಕೆ ಹೋಗಿ."

ವ್ಯಾನು ಹೊರಟಿತು. ಸಮಾಧಾನ ಹೇಳಲು ಎದುರುಮನೆಯ ಅಜ್ಜಿ ಹತ್ತಿರ ಬಂದರು.

"ಅಲ್ಲೇ ನಿಲ್ಲಜ್ಜಿ! ಯಾರೂ ನನ್ನ ಹತ್ರ ಬರಬೇಡಿ!" ಎಂದು ಕಿರುಚಿ ಅಕ್ಕ ಒಳಗೆ ಹೋದಳು, ತಾನೇ ಬಾಗಿಲಿಗೆ ಚಿಲಕ ಹಾಕಿಕೊಂಡಳು. ತಂಗಿ ಹೇಗಿದ್ದಾಳೆಂದು ಕೇಳೋಣವೆಂದರೆ ಕೈಯಲ್ಲಿ ಫೋನಿರಲಿಲ್ಲ.