ನಾಲ್ಕು ಬೆರಳು ಸೀರೆ

"ಈ ಫೋಟೋದಾಗ ಮಗ್ಗ ಎಲ್ಲೈತವಾ? ನೀನ ತೋರ್ಸು," ಎಂದು ಗೌಸುಸಾಬ ಕಂಪ್ಯೂಟರಿನ ಪರದೆಯನ್ನು ವಿದ್ಯಾಶ್ರೀಯ ಕಡೆಗೆ ತಿರುಗಿಸಿದ.

ವಿದ್ಯಾಶ್ರೀ ನೋಡಿದಳು. ತಮ್ಮದೇ ಮನೆ. ನೆಲಕ್ಕೆ ಪಕ್ಕದ ಮನೆಯ ಫಕೀರವ್ವನ ಜಮಖಾನೆ, ಅದರ ಮೇಲೆ ಫಕೀರವ್ವನದೇ ಎರಡು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಪಕ್ಕದಲ್ಲಿ ಅವ್ವ ವೀರವ್ವ, ಮದುವೆಯ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಹಲ್ಲು ಕಾಣುವಂತೆ ನಗುತ್ತ ನಿಂತಿದ್ದಾಳೆ. ಫೋಟೋದ ಕೆಳಗೆ ಕೆಂಪಕ್ಷರದಲ್ಲಿ ಒಂದೇ ಸಾಲು: ಸ್ಥಳದಲ್ಲಿ ಮಗ್ಗ ಕಂಡುಬಂದಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ.

"ಮಗ್ಗ ಆ ಜಮಖಾನಿ ಕೆಳಗ ಐತಿ ಕಾಕಾ," ಎಂದಳು ವಿದ್ಯಾಶ್ರೀ.

ಗೌಸುಸಾಬ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಅವನ ಆನ್‌ಲೈನ್ ಅಂಗಡಿ. ಒಂದೂವರೆ ತಿಂಗಳಿಂದ ಈ ಹುಡುಗಿ ಅಲ್ಲಿ ಬಂದು ಕುಳಿತೂ ಕುಳಿತೂ, ಗಿರಾಕಿಗಳು ಅವಳನ್ನೇ ಅಂಗಡಿಯವಳೆಂದು ತಿಳಿದು ಜೆರಾಕ್ಸ್ ಕೇಳುವಷ್ಟಾಗಿತ್ತು. ಗದಗಿನಲ್ಲಿ ನರ್ಸಿಂಗ್ ಪದವಿಗೆ ಅವಳಿಗೆ ಸೀಟು ಸಿಕ್ಕಿತ್ತು. ನೇಕಾರರ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನ ಮಂಜೂರಾದ ಕಾಗದ ತಂದರೆ ಫೀ ಹಣಕ್ಕೆ ಕಾಯುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಈ ತಿಂಗಳೊಳಗೆ ಕಾಗದ ಬರದಿದ್ದರೆ ಸೀಟು ಮುಂದಿನವರಿಗೆ.

ಬೇರೆ ದಾರಿಗಳನ್ನೆಲ್ಲ ಅವಳು ಆಗಲೇ ತುಳಿದು ನೋಡಿದ್ದಳು. ಒಂದು ಕಡೆ ಎಂಬತ್ತೈದು ಪ್ರತಿಶತ ಬೇಕೆಂದರು, ಅವಳದು ಎಂಬತ್ನಾಲ್ಕು. ರೋಣಕ್ಕೆ ಆರು ಸಲ ಅಲೆದು ಆದಾಯದ ಪ್ರಮಾಣಪತ್ರ ತಂದರೆ, ಇನ್ನೊಂದು ಕಡೆ ಅರ್ಜಿಯ ದಿನವೇ ಮುಗಿದಿತ್ತು. ನರಗುಂದದಲ್ಲಿ ಯಾರೋ ಪುಣ್ಯಾತ್ಮರ ಟ್ರಸ್ಟ್ ಬಡ ಹೆಣ್ಣುಮಕ್ಕಳನ್ನು ಓದಿಸುತ್ತದೆ ಎಂದು ಕೇಳಿ ಅಲ್ಲಿಗೂ ಹೋದಳು. ಅಲ್ಲಿದ್ದ ಮುದುಕರು ಕಾಗದಗಳನ್ನೆಲ್ಲ ಪ್ರೀತಿಯಿಂದ ನೋಡಿ, "ನಿಮ್ಮಪ್ಪ ಅದಾನೇನವಾ?" ಎಂದು ಕೇಳಿದರು. ಇದ್ದಾನೆ, ರೋಣದ ಖಾನಾವಳಿಯಲ್ಲಿ ಅಡುಗೆ ಮಾಡುತ್ತಾನೆ ಎಂದಳು. "ಅಯ್ಯ, ಹಂಗಾದ್ರ ಬರೂದಿಲ್ಲ ಬಿಡು. ಇದು ತಂದಿ ಇಲ್ಲದ ಮಕ್ಕಳಿಗೆ," ಎಂದು ಅವರು ಮರುಗಿದರು. ತಿರುಗಿ ಬರುವಾಗ ಬಸ್ಸು ಯಾವಗಲ್ ಊರು ದಾಟುವವರೆಗೂ ಅವಳಿಗೆ ಅಪ್ಪ ಕಳಕಪ್ಪನ ಮೇಲೆ ಸಿಟ್ಟಿತ್ತು. ಬದುಕಿರುವುದಕ್ಕೆ ಅಪ್ಪನ ಮೇಲೆ ಸಿಟ್ಟೇ ಎಂದು ಆಮೇಲೆ ಹೊಳೆದು, ನಾಚಿಕೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

ಉಳಿದದ್ದು ಇದೊಂದೇ. ಅದರ ಮೇಲೆ ಅವ್ವ ಜಮಖಾನೆ ಹಾಸಿಬಿಟ್ಟಿದ್ದಳು.

ಮನೆಗೆ ಹೋಗಿ ಚಪ್ಪಲಿ ಕಳಚುವ ಮೊದಲೇ ಶುರುಮಾಡಿದಳು. "ಯವ್ವಾ, ಮಗ್ಗ ನೋಡಾಕ ಬಂದಾವ್ರಿಗೆ ಮಗ್ಗ ಮುಚ್ಚಿ ಇಡ್ತಾರೇನು?"

ವೀರವ್ವನಿಗೆ ತಪ್ಪು ಏನೆಂದೇ ತಿಳಿಯಲಿಲ್ಲ. ಮನೆಯಲ್ಲಿ ಇರುವುದೇ ಒಂದು ದೊಡ್ಡ ಕೋಣೆ. ನಡುವೆ ಮಗ್ಗದ ಕುಣಿ. ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ತುಳಿಯುತ್ತ ನೇಯಬೇಕು. ನಿಶ್ಚಯವೋ ತೊಟ್ಟಿಲೋ ಇದ್ದರೆ ಮಗ್ಗದ ಕಟ್ಟಿಗೆ ಬಿಚ್ಚಿ ಹಿತ್ತಲಿಗೆ ಸಾಗಿಸಿ, ಕುಣಿಗೆ ಹಲಗೆ ಹೊಚ್ಚಿ, ಮೇಲೆ ಹಾಸಿಗೆ ಹಾಸುವುದು ಓಣಿಯಲ್ಲೆಲ್ಲ ನಡೆದುಬಂದದ್ದು. ಅರ್ಜಿಯ ಪರಿಶೀಲನೆಗೆ ಸಾಹೇಬರು ಬರುತ್ತಾರೆ ಎಂದು ಮಗಳು ಹೇಳಿಹೋದಾಗ, ಹಳೆಯ ಹಾಸಿನ ನೂಲೆಲ್ಲ ಸೀರೆಯಾಗಿ ಮುಗಿದು ಮಗ್ಗ ಬರಿದಾಗಿತ್ತು. ವೀರವ್ವ ಅರ್ಧ ದಿನ ಬೆವರು ಸುರಿಸಿ ಎಲ್ಲ ಬಿಚ್ಚಿ ಇಟ್ಟಳು. ಸಾಹೇಬರಿಗೆ ಗಿರಮಿಟ್ಟು, ಮಿರ್ಚಿ, ಎರಡು ಸಲ ಚಹಾ. ಅವರು ಸರಿಯಾಗಿ ಕುಣಿಯ ಮೇಲೆಯೇ ಕುಳಿತು ತಿಂದು, ಫೋಟೋ ಹೊಡೆದುಕೊಂಡು ಹೋದರು.

"ಸರಕಾರದ ಮನಷಾ ಬರ್ತಾನಂದ್ರ ಮನಿ ಹಂಗ ಇಡಾಕ ಬರ್ತೈತೇನು? ಕಾಲ ಜಾರಿ ಕುಣ್ಯಾಗ ಬಿದ್ದಿದ್ರ ಏನ ಗತಿ?"

"ಬಿದ್ದಿದ್ರ ಚಲೋ ಆಕ್ಕಿತ್ತು! ಮಗ್ಗ ಐತಿ ಅಂತ ಗೊತ್ತರ ಆಕ್ಕಿತ್ತು!"

"ಮಗ್ಗ ಎಲ್ಲೈತಿ ಅಂತ ಅವ್ರು ಕೇಳಲೇ ಇಲ್ಲ. ಕೇಳಿದ್ರ ಹೇಳ್ತಿದ್ನಿಲ್ಲ?" ವೀರವ್ವನ ಧ್ವನಿ ಸಣ್ಣದಾಯಿತು. "ನಾ ಏನ ಕೆಟ್ಟದ್ದ ಮಾಡಿದೆ? ಮನಿಗೆ ಬಂದಾವ್ರನ್ನ ಚಂದಂಗ ನೋಡಿಕೊಂಡೆ."

ವಿದ್ಯಾಶ್ರೀ ತಲೆ ತಲೆ ಬಡಿದುಕೊಂಡಳು.

ಗೌಸುಸಾಬ ಮರುಪರಿಶೀಲನೆಗೆ ಅರ್ಜಿ ಹಾಕಿದ. ಇಪ್ಪತ್ಮೂರನೇ ತಾರೀಖಿನ ಸಂಜೆಯೊಳಗೆ ಸಾಹೇಬರು ಇನ್ನೊಮ್ಮೆ ಬಂದು ನೋಡುತ್ತಾರೆ ಎಂದು ಉತ್ತರವೂ ಬಂತು. ಅಂದಿನಿಂದ ಮನೆಯಲ್ಲಿ ವಿದ್ಯಾಶ್ರೀಯದೇ ಆಡಳಿತ. ಕುರ್ಚಿ ಇಲ್ಲ, ಜಮಖಾನೆ ಇಲ್ಲ, ಚಹಾ ಇಲ್ಲ. ಅವರು ಬಂದಾಗ ಅವ್ವ ನಿತ್ಯದ ಸೀರೆಯಲ್ಲಿ ಕುಣಿಯಲ್ಲೇ ಕುಳಿತಿರಬೇಕು, ಏಳಕೂಡದು.

"ನೀರೂ ಕೊಡಬಾರ್ದು?"

"ನೀರೂ ಇಲ್ಲ, ಏನೂ ಇಲ್ಲ. ಸುಮ್ನ ನೇಯಿ."

ವೀರವ್ವ ಹೊಸ ಹಾಸು ತಂದು ಮಗ್ಗಕ್ಕೆ ಹೂಡಿದಳು. ಹಸಿರು ಒಡಲು, ಕೆಂಪು ಅಂಚು. ಬೆಳಿಗ್ಗೆ ಕುಣಿಗೆ ಇಳಿದರೆ ನಳದಲ್ಲಿ ನೀರು ಬಂದರೂ ಏಳಲಿಲ್ಲ. ವಿದ್ಯಾಶ್ರೀಯೇ ಕೊಡ ಹೊತ್ತಳು. ಹತ್ತೊಂಬತ್ತು ಹೋಯಿತು, ಇಪ್ಪತ್ತು ಹೋಯಿತು. ಫೋನು ಮಾಡಿದರೆ ಸಾಹೇಬರು ಸೂಡಿಯಲ್ಲಿದ್ದೇನೆ, ಜಕ್ಕಲಿಯಲ್ಲಿದ್ದೇನೆ, ನಾಳೆ ಬರುತ್ತೇನೆ ಎನ್ನುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ಮೂರರ ಮೇಲೆ ಕಪ್ಪು ಚುಕ್ಕೆ ಇತ್ತು. ಅಮಾವಾಸ್ಯೆ. ಅಂದು ಓಣಿಯಲ್ಲಿ ಯಾರೂ ನೇಯುವುದಿಲ್ಲ, ಮಗ್ಗಕ್ಕೆ ಪೂಜೆ ಮಾತ್ರ. ತಾಯಿ ಮಗಳು ಇಬ್ಬರೂ ಆ ಚುಕ್ಕೆಯನ್ನು ನೋಡಿದ್ದರು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸಾಹೇಬರು ಬಂದದ್ದು ಇಪ್ಪತ್ಮೂರರ ಮಧ್ಯಾಹ್ನವೇ.

ವೀರವ್ವ ತಲೆಗೆ ನೀರು ಹಾಕಿಕೊಂಡು ಮಗ್ಗ ಒರೆಸಿ, ಅಡ್ಡಮರಕ್ಕೆ ವಿಭೂತಿ ಹಚ್ಚಿ, ಲಾಳಿಯ ಮೇಲೆ ಒಂದು ದಾಸವಾಳ ಇಟ್ಟು, ಕಡುಬು ನೈವೇದ್ಯ ಮಾಡಿದ್ದಳು. ಸಾಹೇಬರು ಗಾಡಿ ನಿಲ್ಲಿಸಿ ಒಳಗೆ ಬಂದವರು ಕೈಮುಗಿದು, "ಏನ್ ತಾಯಿ, ಅರಾಮ? ಹೋದ ಸಲ ನಿಮ್ಮ ಗಿರಮಿಟ್ಟು ಭಾಳ ಚಲೋ ಇತ್ತ ನೋಡ್ರಿ. ಮನಿಯಾಗೂ ಹೇಳಿದೆ," ಎಂದರು. ಗಿರಮಿಟ್ಟು ನೆನಪಿದೆ! ವಿದ್ಯಾಶ್ರೀ ಮಗ್ಗದ ಕಡೆ ಕೈ ತೋರಿಸಿದಳು.

"ಇಲ್ಲೇ ಐತ್ರಿ ಮಗ್ಗ," ಎಂದಳು.

"ಐತಿ, ಐತಿ. ಕಂಡಿತು." ಸಾಹೇಬರು ಫೋನು ತೆಗೆದರು. "ಆದ್ರ ಮರುಪರಿಶೀಲನಾಕ್ಕ ಬರೇ ಫೋಟೋ ನಡ್ಯಾಂಗಿಲ್ಲವಾ. ನೇಯೂದು ವಿಡಿಯೋ ಬೇಕು. ಇಲ್ಲೇ ನಿಂತು ಕಳಸಬೇಕು."

ವಿದ್ಯಾಶ್ರೀ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು.

"ಇವತ್ತ ಅಮಾಸಿ ರೀ. ನಾಳೆ ಮುಂಜಾನೆ ಎಷ್ಟ ಲಗೂ ಬಂದ್ರೂ..."

"ಇವತ್ತ ಸಂಜಿಗೆ ಆನ್‌ಲೈನ್ ಅರ್ಜಿ ಬಂದ್ ಆಕ್ಕೈತಿ. ನಾಳೆ ಅದು ತೆರಿಯೂದ ಇಲ್ಲ. ನನ್ನ ಕೈಯಾಗ ಇಲ್ಲವಾ ತಂಗಿ."

"ನಾ ನೇಯ್ತೀನ್ರಿ. ನನಗ ಬರ್ತೈತಿ."

"ನೇಕಾರರ ಕಾರ್ಡಿನ್ಯಾಗ ನಿಮ್ಮವ್ವರ ಹೆಸರೈತಿ. ವಿಡಿಯೋದಾಗ ಅವ್ರ ಮಾರಿನ ಬರಬೇಕು." ಸಾಹೇಬರು ನಿಜಕ್ಕೂ ನೊಂದುಕೊಂಡವರಂತೆ ತಲೆ ಕೆರೆದರು.

ಈ ಕೆಲವು ದಿನಗಳಲ್ಲಿ ಅವ್ವನಿಗೆ ವಿದ್ಯಾಶ್ರೀ ಹೇಳದ ಮಾತಿರಲಿಲ್ಲ. ಏಳಬೇಡ, ನಗಬೇಡ, ನೀರು ಕೊಡಬೇಡ, ಸುಮ್ಮನೆ ನೇಯಿ ಎಂದೆಲ್ಲ ಬಡಬಡಿಸಿದ್ದಳು. ಇವತ್ತು ನೇಯಿ ಎಂಬ ಒಂದು ಮಾತನ್ನು ಮಾತ್ರ ಈಗ ಹೇಳಲಾರಳು. ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವ್ವ ಅಮಾವಾಸ್ಯೆಗೆ ಕುಣಿಗೆ ಇಳಿದವಳಲ್ಲ. ಗಂಡ ಮಗ್ಗ ಬಿಟ್ಟು ಖಾನಾವಳಿ ಸೇರಿದ ಮೇಲೆ, ಮಜೂರಿ ಸಾಲದೆ ಹಬ್ಬ ಹರಿದಿನಗಳಲ್ಲೂ ನೇಯ್ದಳು. ಈ ಒಂದು ದಿನವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ವೀರವ್ವ ಮಗಳ ಮುಖ ನೋಡಿದಳು.

"ಎಷ್ಟ ನೇಯಬೇಕ್ರಿ?"

"ಎರಡು ಮೂರು ನಿಮಿಷ ಸಾಕ್ರಿ."

ಅವಳು ಲಾಳಿಯ ಮೇಲಿನ ದಾಸವಾಳ ಎತ್ತಿ ದೇವರ ಮಾಡದಲ್ಲಿ ಇಟ್ಟಳು. ಅಡ್ಡಮರ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕುಣಿಗೆ ಇಳಿದಳು.

ಲಾಳಿ ಹಾರಿತು. ಖಟಕ್, ಖಟಕ್. ಬೇರೆ ದಿನ ಇಪ್ಪತ್ತು ಮಗ್ಗಗಳ ಗದ್ದಲದಲ್ಲಿ ಕರಗಿಹೋಗುವ ಸಪ್ಪಳ, ಇಂದು ಓಣಿಯ ಆ ತುದಿಯವರೆಗೂ ಕೇಳುವಂತಿತ್ತು. ಬಾಗಿಲುಗಳು ತೆರೆದುಕೊಂಡವು. ಫಕೀರವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಹೊಸ್ತಿಲಲ್ಲಿ ನಿಂತಳು.

"ಏ ವೀರವ್ವಾ! ಹುಚ್ಚ ಹಿಡದೈತೇನ? ಅಮಾಸಿ ಇವತ್ತ!"

ವೀರವ್ವ ಲಾಳಿ ಓಡಿಸುತ್ತಲೇ ಇದ್ದಳು. ಸಾಹೇಬರು ಫೋನು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. "ತಾಯಿ, ಒಂದೀಟ ಈ ಕಡೆ ನೋಡ್ರಿ. ನಗ್ರಿ. ಹೋದ ಸಲ ಎಷ್ಟ ಚಂದ ನಕ್ಕಿದ್ರಿ."

ವೀರವ್ವ ಆ ಕಡೆ ನೋಡಿದಳು. ನಗಲಿಲ್ಲ.

ನೆಟ್‌ವರ್ಕ್ ಸಿಗದೆ ವಿಡಿಯೋ ಒಳಗಿನಿಂದ ಹೋಗಲಿಲ್ಲ. ಸಾಹೇಬರು ಅಂಗಳಕ್ಕೆ ಹೋದರು, ಓಣಿಗೆ ಹೋದರು, ಫೋನನ್ನು ಬೆಟ್ಟದ ಕಡೆ ಎತ್ತಿ ಹಿಡಿದರು. ಕಡೆಗೆ, "ಹೋತು ನೋಡವಾ. ಮಗ್ಗ ನಡದೈತಿ ಅಂತ ಬರದು ಕಳಸೀನಿ. ಸಂಜೀಕ ಪಾಸ್ ಆಕ್ಕೈತಿ," ಎಂದು ಹಣೆಯ ಬೆವರು ಒರೆಸಿಕೊಂಡರು.

"ವಿದ್ಯಾ," ಕುಣಿಯೊಳಗಿನಿಂದ ಅವ್ವನ ಧ್ವನಿ ಬಂತು. "ಸಾಹೇಬ್ರಿಗೆ ನೀರ ಕೊಡು."

ವಿದ್ಯಾಶ್ರೀ ನೀರು ಕೊಟ್ಟಳು. ಒಂದು ತಟ್ಟೆಯಲ್ಲಿ ಎರಡು ಕಡುಬನ್ನೂ ಇಟ್ಟು ಕೊಟ್ಟಳು.

ಸಂಜೆ ಐದಕ್ಕೆ ಗೌಸುಸಾಬನ ಫೋನು ಬಂತು. "ಪಾಸಾತವಾ! ಹಸರ ಅಕ್ಷರದಾಗ ಬಂದೈತಿ. ನಾಳೆ ಬಂದು ಕಾಗದ ತಗೊಂಡು ಹೋಗು, ನಿಮ್ಮವ್ವನ್ನೂ ಕರ್ಕೊಂಡು ಬಾ!" ವಿದ್ಯಾಶ್ರೀಗೆ ಕುಣಿಯಬೇಕೆನಿಸಿತು, ಅಳಬೇಕೆನಿಸಿತು. ಬೀದಿಯಲ್ಲಿ ನಿಂತಿದ್ದವಳು ಓಡುತ್ತ ಒಳಗೆ ಬಂದು, "ಯವ್ವಾ, ಆತು!" ಎಂದು ಕೂಗಿದಳು.

ವೀರವ್ವ ಕುಣಿಯ ಅಂಚಿನಲ್ಲಿ ಮೇಲೆಯೇ ಕುಳಿತು ಮಗ್ಗದ ಮೇಲೆ ಬಗ್ಗಿದ್ದಳು. "ಕಾಲಕಾಲೇಶ್ವರ ಕಣ್ಣ ತೆರದಾ," ಎಂದಳು. ಕೈ ನಿಲ್ಲಲಿಲ್ಲ. ಹತ್ತಿರ ಹೋಗಿ ನೋಡಿದರೆ, ಮಧ್ಯಾಹ್ನ ನೇಯ್ದ ಹಸಿರು ಬಟ್ಟೆಯ ಎಳೆಗಳನ್ನು ಒಂದೊಂದೇ ಬಿಚ್ಚಿ ತೆಗೆಯುತ್ತಿದ್ದಳು. ನಾಲ್ಕು ಬೆರಳು ನೇಯ್ದದ್ದು, ಬಿಚ್ಚಿ ಬಿಚ್ಚಿ ಮೂರು ಬೆರಳಿಗೆ ಬಂದಿತ್ತು.

"ಯಾಕ ಬಿಚ್ಚಾಕತ್ತೀಯವ್ವಾ? ಯಾರಿಗೆ ಗೊತ್ತಾಕ್ಕೈತಿ?"

"ಯಾರರ ಮಗಳು ಉಡ್ತಾಳವಾ ಈ ಸೀರಿ. ಅಮಾಸೀಗೆ ನೇಯ್ದದ್ದು ಆಕಿ ಮೈಮ್ಯಾಗ ಯಾಕ ಹೋಗಬೇಕು?"

ನಿನ್ನೆಯಾಗಿದ್ದರೆ ವಿದ್ಯಾಶ್ರೀ ಇದಕ್ಕೆ ಒಂದು ತಾಸಿನ ಉತ್ತರ ಕೊಡುತ್ತಿದ್ದಳು. ಈಗ ಅವ್ವನ ಎದುರು ಕುಳಿತು, ಬಿಚ್ಚಿದ ನೂಲಿನ ತುದಿ ಹಿಡಿದು, ಸುತ್ತುವುದಕ್ಕೆ ಮೂಲೆಯಲ್ಲಿದ್ದ ರಾಟಿಯ ಕಡೆ ಕೈ ಚಾಚಿದಳು.

"ರಾಟಿ ಮುಟ್ಟಬ್ಯಾಡ. ಅದಕ್ಕರ ಅಮಾಸಿ ಸೂಟಿ ಇರಲಿ."

ವಿದ್ಯಾಶ್ರೀ ಕೈ ಹಿಂದೆ ತೆಗೆದುಕೊಂಡಳು. ಎಡಗೈಯ ಬೆರಳುಗಳನ್ನು ಜೋಡಿಸಿ ಹಿಡಿದು, ಅವ್ವ ಬಿಚ್ಚಿ ಕೊಟ್ಟ ಹಸಿರು ಎಳೆಯನ್ನು ಅವುಗಳಿಗೇ ಸುತ್ತತೊಡಗಿದಳು, ಎಲ್ಲಿಯೂ ಹರಿಯದ ಹಾಗೆ, ಸಾವಕಾಶವಾಗಿ.